ರಕ್ತದ ಚೀಟಿ ಎಷ್ಟು ಹೇಳಬಲ್ಲದು? ಸ್ತನ ಕ್ಯಾನ್ಸರ್ ಹರಡುವುದನ್ನು ಕುರಿತು



ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ದ್ರಾಕ್ಷಿಯ ಬೂಜು ರೋಗ, ಬಾಳೆಯ ಗೊನೆ, ಹಸುವಿನ ಕೆಚ್ಚಲು ಬಾವು ಇಂಥ ವಿಷಯಗಳನ್ನು ಕುರಿತು ಬರೆಯುತ್ತೇವೆ. ಈ ಸಲ ನಮ್ಮ ಮನೆಗಳ ತಾಯಂದಿರ ಆರೋಗ್ಯದ ಮಾತನ್ನು ಎತ್ತಿಕೊಂಡಿದ್ದೇವೆ. ಗಂಡಸರು ಇದು ಹೆಂಗಸರ ವಿಷಯವೆಂದು ಪುಟ ತಿರುಗಿಸಬಾರದು. ಆಸ್ಪತ್ರೆಗೆ ಹೋಗುವುದೋ ಬೇಡವೋ, ಮೇಕೆ ಮಾರುವುದೋ ಬೇಡವೋ ಎಂದು ನಮ್ಮ ಮನೆಗಳಲ್ಲಿ ತೀರ್ಮಾನಿಸುವವರು ಹೆಚ್ಚಾಗಿ ಅವರೇ.

ಸ್ತನದ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಂಡು, ಔಷಧಿ ಮುಗಿಸಿ, ಮತ್ತೆ ತೋಟಕ್ಕೆ ಹೋಗುತ್ತಿರುವ ತಾಯಂದಿರು ನಮ್ಮ ಕಂಬಂ ಕಣಿವೆಯಲ್ಲಿ ಇದ್ದಾರೆ. ಇದು ದೇವರಿಗೆ ಕೃತಜ್ಞತೆ ಸಲ್ಲಿಸಬೇಕಾದ ಸಂಗತಿ. ಆದರೆ ಅವರನ್ನೂ ಅವರ ಮನೆಯವರನ್ನೂ ಒಂದು ಭಯ ಬಿಡುವುದಿಲ್ಲ: ಅದು ಮತ್ತೆ ಬರುತ್ತದೆಯೇ? ಮೂಳೆಗೋ ಈಲಿಗೋ ಹರಡಿಬಿಟ್ಟಿದೆಯೇ? ಈ ಭಯಕ್ಕೆ ಉತ್ತರ ಸಿಗುತ್ತದೆಂದು ಅನೇಕರು ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬರುತ್ತಾರೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು, ಲ್ಯಾಬಿನ ಚೀಟಿಯಲ್ಲಿ ಇಂಗ್ಲಿಷ್. ಆ ಚೀಟಿಯಲ್ಲಿ 'ಸಿ.ಎ. 15-3' ಎಂದೋ 'ಸಿ.ಇ.ಎ.' ಎಂದೋ ಬರೆದು ಪಕ್ಕದಲ್ಲಿ ಒಂದು ಅಂಕಿ ಇರುತ್ತದೆ. ಅಂಕಿ ಹೆಚ್ಚಿದ್ದರೆ ಮನೆಯಲ್ಲಿ ಅಂದು ಒಲೆ ಹೊತ್ತುವುದಿಲ್ಲ, ಬಡ್ಡಿಗೆ ಸಾಲ ತಂದು ಸ್ಕ್ಯಾನಿಗೆ ಓಡುತ್ತಾರೆ. ಅಂಕಿ ಸರಿಯಾಗಿದ್ದರೆ, ಆರು ವಾರದಿಂದ ಇರುವ ಬೆನ್ನು ನೋವನ್ನೂ 'ರಕ್ತದಲ್ಲಿ ಏನೂ ಇಲ್ಲವಲ್ಲ' ಎಂದು ಬದಿಗೆ ತಳ್ಳುತ್ತಾರೆ. ಎರಡೂ ತಪ್ಪು. ನಮ್ಮ ಅಭಿಪ್ರಾಯದಲ್ಲಿ ಎರಡನೆಯದೇ ಹೆಚ್ಚು ಅಪಾಯದ ತಪ್ಪು. ಆದ್ದರಿಂದ ಈ ರಕ್ತಪರೀಕ್ಷೆಗಳು ಏನು ಹೇಳುತ್ತವೆ, ಏನು ಹೇಳಲಾರವು ಎಂಬುದನ್ನು ನಿಧಾನವಾಗಿ ತಿಳಿಯೋಣ.

ಬೀಜ ಮತ್ತು ಮಣ್ಣು

ಸ್ತನದೊಳಗೆ ಮಾತ್ರ ಇರುವ ಗಂಟಿನಿಂದ ಸಾವು ಬರುವುದು ಅಪರೂಪ. ಆ ಗಂಟಿನ ಕಣಗಳು ಕಳಚಿಕೊಂಡು, ರಕ್ತದ ಮೂಲಕವೂ ಕಂಕುಳಿನ ಗ್ರಂಥಿಗಳ ಮೂಲಕವೂ ದೂರ ಹೋಗಿ, ಮೂಳೆ, ಶ್ವಾಸಕೋಶ, ಈಲಿ, ಮಿದುಳು ಇಲ್ಲಿ ಬೇರು ಬಿಟ್ಟಾಗಲೇ ಪ್ರಾಣಕ್ಕೆ ಕುತ್ತು. ಕಣಗಳು ರಕ್ತದಲ್ಲಿ ತೇಲುವುದನ್ನು ಮೊದಲು ಕಂಡು ಬರೆದವರು ಆಸ್ಟ್ರೇಲಿಯಾದ ಥಾಮಸ್ ಆಶ್ವರ್ತ್ ಎಂಬ ವೈದ್ಯರು, 1869ರಲ್ಲಿ. ಕ್ಯಾನ್ಸರಿನಿಂದ ತೀರಿಕೊಂಡ ಒಬ್ಬ ರೋಗಿಯ ರಕ್ತದಲ್ಲಿ ಅವರು ಗೆಡ್ಡೆಯ ಕಣಗಳನ್ನೇ ಹೋಲುವ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು.

ಇಪ್ಪತ್ತು ವರ್ಷಗಳ ನಂತರ, 1889ರಲ್ಲಿ, ಲಂಡನ್ನಿನ ಸ್ಟೀಫನ್ ಪ್ಯಾಜೆಟ್ ಎಂಬ ಶಸ್ತ್ರವೈದ್ಯರು ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಹಿಳೆಯರ ದಾಖಲೆಗಳನ್ನು ಕೂತು ಓದಿದರು. ರೋಗವು 241 ಮಂದಿಯ ಈಲಿಯಲ್ಲಿ ಕಂಡಿತ್ತು. ಗುಲ್ಮದಲ್ಲಿ ಕಂಡದ್ದು ಕೇವಲ 17 ಮಂದಿಯಲ್ಲಿ. ಎರಡು ಅಂಗಗಳಿಗೂ ರಕ್ತ ಧಾರಾಳವಾಗಿ ಹೋಗುತ್ತದೆ. ಹಾಗಿದ್ದರೆ ಈ ವ್ಯತ್ಯಾಸ ಏಕೆ? ಬೀಜ ಎಲ್ಲ ಕಡೆಗೂ ಹಾರುತ್ತದೆ, ಆದರೆ ಹೊಂದುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂದು ಅವರು ಉತ್ತರ ಕೊಟ್ಟರು. ರೈತನಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಬಿತ್ತುವವನ ಸಾಮತಿಯನ್ನು ಪ್ರತಿ ವರ್ಷ ಕೇಳುವವರಿಗೂ ಬೇಕಾಗಿಲ್ಲ. ನಮ್ಮ ಪನ್ನೀರ್ ದ್ರಾಕ್ಷಿಯನ್ನೇ ನೋಡಿ: 1832ರಲ್ಲಿ ಫ್ರೆಂಚ್ ಪಾದ್ರಿಯೊಬ್ಬರು ತಮಿಳುನಾಡಿಗೆ ತಂದದ್ದು ಎನ್ನುತ್ತಾರೆ. ಕಂಬಂ ಮಣ್ಣಿನಲ್ಲಿ ಅದು ವರ್ಷವಿಡೀ ಕಾಯಿ ಕೊಡುತ್ತದೆ ಎಂಬುದಕ್ಕೇ 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು. ಅದೇ ಕಡ್ಡಿಯನ್ನು ಬೇರೆ ಊರಲ್ಲಿ ನೆಟ್ಟರೆ ಈ ಬೆಳೆ ಬರುವುದಿಲ್ಲ.

ಇದರಿಂದ ನಾವು ತಿಳಿಯಬೇಕಾದ ಮುಖ್ಯ ಸಂಗತಿ ಒಂದಿದೆ. ರಕ್ತದಲ್ಲಿ ಬೀಜ ಕಂಡಿತು ಎಂದ ಮಾತ್ರಕ್ಕೆ ಅದು ಮೊಳೆಯುತ್ತದೆ ಎಂದು ಹೇಳಲಾಗುವುದಿಲ್ಲ. ಬೀಜ ಕಾಣಲಿಲ್ಲ ಎಂದ ಮಾತ್ರಕ್ಕೆ ಎಲ್ಲೋ ಒಂದು ಮೂಲೆಯಲ್ಲಿ ಮಣ್ಣಿನೊಳಗೆ ಮಲಗಿರುವ ಬೀಜ ಇಲ್ಲವೆಂದೂ ಅಲ್ಲ. ಹಾರ್ಮೋನಿಗೆ ಸ್ಪಂದಿಸುವ ಜಾತಿಯ ಸ್ತನ ಕ್ಯಾನ್ಸರಿನಲ್ಲಿ ಇಂಥ ಬೀಜ ಹತ್ತು, ಹದಿನೈದು, ಇಪ್ಪತ್ತು ವರ್ಷಗಳ ನಂತರವೂ ಎದ್ದು ಬಂದದ್ದುಂಟು. ಅರವತ್ತೆರಡು ಸಾವಿರಕ್ಕೂ ಹೆಚ್ಚು ಮಹಿಳೆಯರ ದಾಖಲೆಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು.

ಕಾಲುವೆಯ ನೀರಿನಲ್ಲಿ ಹೊಟ್ಟು

ಈಗ ಸಿ.ಎ. 15-3ಕ್ಕೆ ಬರೋಣ. ಸ್ತನದ ಕಣಗಳ ಮೈಮೇಲೆ ಒಂದು ಜಾತಿಯ ಪ್ರೋಟೀನು ಹೊದಿಕೆಯಂತೆ ಇರುತ್ತದೆ. ಕ್ಯಾನ್ಸರ್ ಕಣಗಳಲ್ಲಿ ಅದು ಹೆಚ್ಚಾಗಿ ಉತ್ಪತ್ತಿಯಾಗಿ, ಅದರ ತುಣುಕುಗಳು ಕಳಚಿ ರಕ್ತಕ್ಕೆ ಬೀಳುತ್ತವೆ. ಆ ತುಣುಕುಗಳನ್ನು ಅಳೆಯುವ ಪರೀಕ್ಷೆಯೇ ಸಿ.ಎ. 15-3. ಸಾಮಾನ್ಯವಾಗಿ ಒಂದು ಮಿಲಿಲೀಟರ್ ರಕ್ತಸಾರದಲ್ಲಿ 30 ಯೂನಿಟ್ ಒಳಗೆ ಇರಬೇಕೆನ್ನುತ್ತಾರೆ. ಲ್ಯಾಬಿನ ಕಿಟ್‌ಗೆ ತಕ್ಕಂತೆ ಈ ಮಿತಿ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ಸಿ.ಇ.ಎ. ಎಂಬುದು ಇನ್ನೊಂದು. ಅದನ್ನು 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಗೋಲ್ಡ್ ಮತ್ತು ಫ್ರೀಡ್‌ಮನ್ ಎಂಬ ಇಬ್ಬರು ದೊಡ್ಡಕರುಳಿನ ಕ್ಯಾನ್ಸರಿನಲ್ಲಿ ಕಂಡುಹಿಡಿದರು. ಸ್ತನ ಕ್ಯಾನ್ಸರಿನಲ್ಲೂ ಅದು ಕೆಲವೊಮ್ಮೆ ಏರುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ಯಾವ ಕ್ಯಾನ್ಸರೂ ಇಲ್ಲದೆಯೂ ಏರುತ್ತದೆ.

ಒಂದು ಹೋಲಿಕೆ ಕೊಡುತ್ತೇವೆ. ಪೆರಿಯಾರ್ ನೀರು ಮೇಲಿನಿಂದ ಇಳಿದು ನಮ್ಮ ಕಾಲುವೆಗಳಲ್ಲಿ ಹರಿಯುತ್ತದೆ. ಕೊಯ್ಲಿನ ಕಾಲದಲ್ಲಿ ಕೆಳಗಿನ ಗದ್ದೆಯ ರೈತ ಕಾಲುವೆಯ ನೀರಿನಲ್ಲಿ ಹೊಟ್ಟು ತೇಲಿ ಬರುವುದನ್ನು ಕಂಡರೆ, ಮೇಲೆ ಎಲ್ಲೋ ಕಣ ಮಾಡುತ್ತಿದ್ದಾರೆ ಎಂದು ಊಹಿಸುತ್ತಾನೆ. ಯಾರ ಕಣ, ಎಷ್ಟು ದೂರ, ಅದು ಅವನಿಗೆ ಗೊತ್ತಾಗುವುದಿಲ್ಲ. ಒಬ್ಬ ಬಡವ ನಾಲ್ಕು ಸಿವುಡು ಬಡಿದರೆ ಕಾಲುವೆಗೆ ಹೊಟ್ಟೇ ಬರುವುದಿಲ್ಲ. ಗಾಳಿ ಬಂದು ಯಾರದೋ ಬಣವೆಯ ಹುಲ್ಲು ಹಾರಿ ಬಿದ್ದರೆ ಕಣವೇ ಇಲ್ಲದೆ ಹೊಟ್ಟು ಬರುತ್ತದೆ. ರಕ್ತದ ಗುರುತುಗಳ ಹಣೆಬರಹವೂ ಇದೇ.

ಗಂಟು ಇನ್ನೂ ಚಿಕ್ಕದಾಗಿ ಸ್ತನದಲ್ಲೇ ಇರುವ ಮೊದಲ ಹಂತದ ಮಹಿಳೆಯರಲ್ಲಿ ಸಿ.ಎ. 15-3 ಏರಿರುವುದು ಸುಮಾರು ಹತ್ತು ಮಂದಿಗೆ ಒಬ್ಬರಲ್ಲಿ ಮಾತ್ರ. ದೂರದ ಅಂಗಗಳಿಗೆ ಹರಡಿದ ನಾಲ್ಕನೆಯ ಹಂತದಲ್ಲಿ ಸುಮಾರು ನಾಲ್ವರಲ್ಲಿ ಮೂವರಿಗೆ ಏರಿರುತ್ತದೆ. ಅಂದರೆ ಹರಡಿದ ಮೇಲೂ ನಾಲ್ವರಲ್ಲಿ ಒಬ್ಬರ ಚೀಟಿ 'ಸರಿಯಾಗಿದೆ' ಎಂದೇ ಹೇಳುತ್ತದೆ! ಇನ್ನೊಂದು ಕಡೆ, ಕಾಮಾಲೆ, ಕುಡಿತದಿಂದ ಕೆಟ್ಟ ಈಲಿ, ಕ್ಯಾನ್ಸರಲ್ಲದ ಸ್ತನದ ಗಂಟು, ಅಂಡಾಶಯದ ತೊಂದರೆ, ಬಿ-12 ಜೀವಸತ್ವದ ಕೊರತೆಯಿಂದ ಬಂದ ರಕ್ತಹೀನತೆ, ಇವೆಲ್ಲ ಅಂಕಿಯನ್ನು ಏರಿಸಬಲ್ಲವು. ಕೂದಲು ಉದುರುತ್ತದೆಂದು ಕೆಲವರು ನುಂಗುವ ಬಯೋಟಿನ್ ಮಾತ್ರೆ ಕೆಲವು ಯಂತ್ರಗಳ ಲೆಕ್ಕವನ್ನೇ ಕೆಡಿಸುತ್ತದೆ. ರಕ್ತ ಕೊಡುವ ಮೊದಲು ಅದನ್ನು ನುಂಗುತ್ತಿರುವುದನ್ನು ಹೇಳಬೇಕು.

ಕ್ಷಾರೀಯ ಫಾಸ್ಫಟೇಸ್ ಎಂಬ ಅಗ್ಗದ ಪರೀಕ್ಷೆಯೂ ಇದೆ, ಚೀಟಿಯಲ್ಲಿ ಎ.ಎಲ್.ಪಿ. ಎಂದು ಬರೆದಿರುತ್ತದೆ. ಮೂಳೆಗೋ ಈಲಿಗೋ ರೋಗ ಇಳಿದಾಗ ಅದು ಏರಬಹುದು. ಮುರಿದ ಕೈ ಕೂಡಿಕೊಳ್ಳುವಾಗ, ಬಸುರಿಯಲ್ಲಿ, ಬೆಳೆಯುವ ಮಕ್ಕಳಲ್ಲಿ ಸಹಜವಾಗಿಯೂ ಏರುತ್ತದೆ. ಅದನ್ನು ಒಂಟಿಯಾಗಿ ನಂಬುವ ವೈದ್ಯರಿಲ್ಲ.

ಹಾಗಾದರೆ ಮುನ್ಸೂಚನೆ ಯಾವ ಕಾಗದದಲ್ಲಿದೆ?

ಹರಡುವ ಸಂಭವ ಎಷ್ಟು ಎಂಬ ಪ್ರಶ್ನೆಗೆ ಇಂದಿಗೂ ಒಳ್ಳೆಯ ಉತ್ತರ ಕೊಡುವುದು ಆಪರೇಷನ್ನಿನಲ್ಲಿ ತೆಗೆದ ಗೆಡ್ಡೆಯನ್ನು ಪರೀಕ್ಷಿಸಿ ಬರೆದ ವರದಿ. ನಾವು ಕಂಡಂತೆ ಮನೆಗಳಲ್ಲಿ ಮೊದಲು ಕಳೆದುಹೋಗುವ ಕಾಗದವೂ ಅದೇ! ಬಿಲ್ಲುಗಳನ್ನು ಜೋಪಾನವಾಗಿ ಟ್ರಂಕಿನಲ್ಲಿ ಇಟ್ಟಿರುತ್ತಾರೆ, ಎಕ್ಸ್‌ರೇ ಹಾಳೆಯನ್ನು ಗೋಡೆಗೆ ಆನಿಸಿರುತ್ತಾರೆ, ಈ ಎರಡು ಪುಟ ಮಾತ್ರ ಎಲ್ಲಿಯೂ ಇರುವುದಿಲ್ಲ.

ಆ ವರದಿಯಲ್ಲಿ ನೋಡಬೇಕಾದದ್ದು ಏನು? ಗೆಡ್ಡೆಯ ಗಾತ್ರ ಎಷ್ಟು ಸೆಂಟಿಮೀಟರ್. ಕಂಕುಳಿನಿಂದ ಎಷ್ಟು ಗ್ರಂಥಿ ತೆಗೆದರು, ಅವುಗಳಲ್ಲಿ ಎಷ್ಟರಲ್ಲಿ ರೋಗವಿತ್ತು. ಇದು ಎಲ್ಲಕ್ಕಿಂತ ಮುಖ್ಯವಾದ ಅಂಕಿಗಳಲ್ಲೊಂದು. ಗ್ರೇಡ್ ಒಂದೋ ಎರಡೋ ಮೂರೋ, ಅಂದರೆ ಕಣಗಳು ಎಷ್ಟು ಉಗ್ರವಾಗಿವೆ. ಕೊನೆಯದಾಗಿ ಇ.ಆರ್., ಪಿ.ಆರ್. ಮತ್ತು ಹೆರ್-2 ಎಂಬ ಮೂರು ಗ್ರಾಹಕಗಳು ಇವೆಯೋ ಇಲ್ಲವೋ. ಮೊದಲೆರಡು ಇದ್ದರೆ ಹಾರ್ಮೋನ್ ಮಾತ್ರೆ ಕೆಲಸ ಮಾಡುತ್ತದೆ. ಹೆರ್-2 ಇದ್ದರೆ ಅದಕ್ಕೇ ಗುರಿಯಿಟ್ಟ ಚುಚ್ಚುಮದ್ದು ಇದೆ. ಮೂರೂ ಇಲ್ಲದ ಜಾತಿ ಹೆಚ್ಚು ಅವಸರದ್ದು, ಮರುಕಳಿಸುವುದಾದರೆ ಸಾಮಾನ್ಯವಾಗಿ ಮೊದಲ ಕೆಲವು ವರ್ಷಗಳಲ್ಲೇ ಮರುಕಳಿಸುತ್ತದೆ.

ಇದೇ ದಾರಿಯಲ್ಲಿ ಕೆಲಸ ಮಾಡಿದವರು ನಮ್ಮ ಕರ್ನಾಟಕದಲ್ಲೂ ಇದ್ದಾರೆ. ಬೆಂಗಳೂರಿನ ಆಂಕೋಸ್ಟೆಮ್ ಡಯಾಗ್ನೋಸ್ಟಿಕ್ಸ್ ಎಂಬ ಸಂಸ್ಥೆಯನ್ನು ವಿಜ್ಞಾನಿ ಮಂಜಿರಿ ಬಾಕ್ರೆ ಅವರು 2011ರಲ್ಲಿ ಸ್ಥಾಪಿಸಿದರು. ಅಲ್ಲಿ ರೂಪಿಸಿದ 'ಕ್ಯಾನ್‌ಅಸಿಸ್ಟ್ ಬ್ರೆಸ್ಟ್' ಎಂಬ ಪರೀಕ್ಷೆ ಮುಂದಿನ ಐದು ವರ್ಷಗಳಲ್ಲಿ ರೋಗವು ದೂರದ ಅಂಗಕ್ಕೆ ಹರಡುವ ಸಂಭವವನ್ನು ಲೆಕ್ಕಹಾಕುತ್ತದೆ. ಗೆಡ್ಡೆಯ ತುಂಡಿನಲ್ಲಿ ಐದು ಪ್ರೋಟೀನುಗಳನ್ನು ಬಣ್ಣ ಹಾಕಿ ನೋಡುತ್ತಾರೆ. ಅದರೊಡನೆ ಗಾತ್ರ, ಗ್ರೇಡ್, ಗ್ರಂಥಿಗಳ ಸ್ಥಿತಿ ಇವನ್ನೂ ಸೇರಿಸಿ ಒಂದು ಅಂಕ ಕೊಡುತ್ತಾರೆ. 15.5ರೊಳಗೆ ಇದ್ದರೆ ಸಂಭವ ಕಡಿಮೆ, ಮೀರಿದರೆ ಹೆಚ್ಚು. ಹಾರ್ಮೋನ್ ಗ್ರಾಹಕ ಇದ್ದು ಹೆರ್-2 ಇಲ್ಲದ, ಆರಂಭದ ಹಂತದ ರೋಗಿಗಳಿಗೆ ಮಾತ್ರ ಇದು ಅನ್ವಯಿಸುತ್ತದೆ. ಕೀಮೋ ಔಷಧಿ ನಿಜವಾಗಿ ಬೇಕೇ, ಅಥವಾ ಮಾತ್ರೆಯೊಂದೇ ಸಾಕೇ ಎಂದು ತೀರ್ಮಾನಿಸಲು ವೈದ್ಯರಿಗೆ ಇದು ಸಹಾಯಕ. ಗಮನಿಸತಕ್ಕ ಸಂಗತಿ: ಇದನ್ನೂ ಮಾಡುವುದು ಗೆಡ್ಡೆಯ ತುಂಡಿನಿಂದಲೇ, ರಕ್ತದಿಂದಲ್ಲ. ಎಲ್ಲರಿಗೂ ಬೇಕಾದ ಪರೀಕ್ಷೆಯೂ ಅಲ್ಲ, ಅಗ್ಗವೂ ಅಲ್ಲ. ವೈದ್ಯರು ಕೇಳಿದರೆ ಮಾತ್ರ ಯೋಚಿಸಿ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆವು. 'ಸೂಜಿ ಚುಚ್ಚಿದರೆ ಗಂಟು ಕೆರಳಿ ಹರಡುತ್ತದೆ' ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಬಲವಾಗಿದೆ. ಈ ಮಾತಿಗೆ ಹೆದರಿ ಬಯಾಪ್ಸಿಯನ್ನು ತಪ್ಪಿಸಿಕೊಂಡು, ಪಟ್ಟು ಹಾಕಿಸಿಕೊಂಡು ತಿಂಗಳುಗಟ್ಟಲೆ ಕೂರುವವರಿದ್ದಾರೆ. ಸೂಜಿಯ ಪರೀಕ್ಷೆಯಿಂದ ಆಯುಸ್ಸು ಕಡಿಮೆಯಾಗುವುದಿಲ್ಲ. ಕಾದು ಕೂರುವುದರಿಂದ ಆಗುತ್ತದೆ.

ಬೇಗ ತಿಳಿದರೆ ಒಳ್ಳೆಯದಲ್ಲವೇ?

ನಮ್ಮ ಓದುಗರು ಇಲ್ಲಿ ತಡೆದು ಕೇಳುವುದು ನ್ಯಾಯವೇ: 'ಸ್ವಾಮಿ, ಕಾಯಿಲೆಯನ್ನು ಬೇಗ ಹಿಡಿಯಬೇಕೆಂದು ಎಲ್ಲರೂ ಹೇಳುತ್ತಾರೆ. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿದರೆ ಹರಡಿದ್ದು ಬೇಗ ಗೊತ್ತಾಗುವುದಿಲ್ಲವೇ?'

ಇದರಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಕಲೆತುಹೋಗಿವೆ. ಸ್ತನದಲ್ಲಿರುವ ಗಂಟನ್ನು ಬೇಗ ಹಿಡಿಯುವುದು ಒಂದು. ಅದರಿಂದ ಖಂಡಿತ ಲಾಭವಿದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಆರಂಭಿಸಿ ಒಂದೂವರೆ ಲಕ್ಷ ಮಹಿಳೆಯರ ಮೇಲೆ ನಡೆಸಿದ ದೊಡ್ಡ ಪ್ರಯೋಗದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರಿಗೈಯಿಂದ ಸ್ತನ ಪರೀಕ್ಷೆ ಮಾಡಿದರು. ಮ್ಯಾಮೊಗ್ರಾಂ ಯಂತ್ರವೂ ಇಲ್ಲ, ರಕ್ತವೂ ಇಲ್ಲ. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ 50 ವರ್ಷ ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇಕಡಾ 30ರಷ್ಟು ಕಡಿಮೆಯಾಗಿತ್ತು. ಅದಕ್ಕಿಂತ ಚಿಕ್ಕ ವಯಸ್ಸಿನವರಲ್ಲಿ ಸಾವು ಕಡಿಮೆಯಾದದ್ದು ಕಾಣಲಿಲ್ಲ, ಆದರೂ ಗಂಟು ಮುಂಚಿನ ಹಂತದಲ್ಲೇ ಸಿಕ್ಕಿತು. ಕೈಬೆರಳಿಗೆ ಇಷ್ಟು ಬಲವಿದೆ.

ಆದರೆ ಚಿಕಿತ್ಸೆ ಮುಗಿಸಿ ಆರೋಗ್ಯವಾಗಿರುವವರಲ್ಲಿ ದೂರದ ಅಂಗಕ್ಕೆ ಹರಡಿದ್ದನ್ನು ನಾಲ್ಕು ತಿಂಗಳು ಮುಂಚೆ ಹಿಡಿಯುವುದು ಬೇರೆಯೇ ವಿಷಯ. ಇಟಲಿ ದೇಶದಲ್ಲಿ ಎರಡು ಪ್ರಯೋಗಗಳು ನಡೆದು 1994ರಲ್ಲಿ ಪ್ರಕಟವಾದವು. ಎರಡೂ ಸೇರಿ ಎರಡೂವರೆ ಸಾವಿರ ಮಹಿಳೆಯರು. ಅರ್ಧ ಜನರಿಗೆ ನಿಯಮಿತವಾಗಿ ಎದೆಯ ಎಕ್ಸ್‌ರೇ, ಮೂಳೆಯ ಸ್ಕ್ಯಾನ್ ಮಾಡಿದರು; ಒಂದು ಪ್ರಯೋಗದಲ್ಲಿ ಈಲಿಯ ಪರೀಕ್ಷೆ, ರಕ್ತ ಪರೀಕ್ಷೆಗಳೂ ಸೇರಿದ್ದವು. ಉಳಿದ ಅರ್ಧ ಜನರಿಗೆ ವೈದ್ಯರ ಭೇಟಿ ಮತ್ತು ಮ್ಯಾಮೊಗ್ರಾಂ, ತೊಂದರೆ ಕಂಡರೆ ಮಾತ್ರ ಉಳಿದ ಪರೀಕ್ಷೆ. ವರ್ಷಗಳ ನಂತರ ನೋಡಿದರೆ ಬದುಕುಳಿದವರ ಲೆಕ್ಕದಲ್ಲಿ ಎರಡು ಗುಂಪಿಗೂ ವ್ಯತ್ಯಾಸವಿರಲಿಲ್ಲ. ಹರಡಿದ ಮೇಲೆ ಚಿಕಿತ್ಸೆ ಆಯುಸ್ಸನ್ನು ಹೆಚ್ಚಿಸುತ್ತದೆ, ನೋವನ್ನು ತಗ್ಗಿಸುತ್ತದೆ, ಆದರೆ ಬಹುಪಾಲು ಮಂದಿಯಲ್ಲಿ ಬೇರುಸಹಿತ ಕೀಳುವುದಿಲ್ಲ. ಆದ್ದರಿಂದ ನಾಲ್ಕು ತಿಂಗಳು ಮುಂಚೆ ತಿಳಿದರೆ ಕೆಲವೊಮ್ಮೆ ನಾಲ್ಕು ತಿಂಗಳು ಮುಂಚೆ ಅಳುವುದಷ್ಟೇ ಆಗುತ್ತದೆ. ಕೇಳಲು ಕಠಿಣ, ಆದರೆ ಸತ್ಯ.

ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘವೂ ಇದೇ ಕಾರಣಕ್ಕಾಗಿ, ಚಿಕಿತ್ಸೆ ಮುಗಿಸಿ ಯಾವ ತೊಂದರೆಯೂ ಇಲ್ಲದ ಮಹಿಳೆಯರಿಗೆ ಸಿ.ಎ. 15-3, ಸಿ.ಇ.ಎ. ಪರೀಕ್ಷೆಗಳನ್ನು ವಾಡಿಕೆಯಂತೆ ಮಾಡಬೇಡಿ ಎಂದು ತನ್ನ ಸದಸ್ಯರಿಗೆ ಸಲಹೆ ಕೊಟ್ಟಿದೆ. ನಮ್ಮ ಪೇಟೆಗಳಲ್ಲಿ ಮಾತ್ರ 'ಪೂರ್ತಿ ಕ್ಯಾನ್ಸರ್ ಪ್ಯಾಕೇಜು' ಎಂದು ಬಣ್ಣದ ಕಾಗದ ಹಂಚುವವರಿಗೆ ಬರವಿಲ್ಲ.

ಹೊಸ ಪರೀಕ್ಷೆಗಳು

ವಿಜ್ಞಾನ ಅಲ್ಲಿಗೇ ನಿಂತಿಲ್ಲ. ಆಶ್ವರ್ತ್ ಅವರು ಕಂಡ ಆ ತೇಲುವ ಕಣಗಳನ್ನೇ ಎಣಿಸುವ ಯಂತ್ರ ಬಂದಿದೆ. 2004ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಏಳೂವರೆ ಮಿಲಿಲೀಟರ್ ರಕ್ತದಲ್ಲಿ ಐದು ಅಥವಾ ಹೆಚ್ಚು ಕ್ಯಾನ್ಸರ್ ಕಣ ಸಿಕ್ಕಿದರೆ, ಈಗಾಗಲೇ ಹರಡಿರುವ ರೋಗಿಗಳಲ್ಲಿ ಮುಂದಿನ ದಾರಿ ಕಷ್ಟದ್ದೆಂದು ಅದೇ ವರ್ಷದ ಅಧ್ಯಯನ ತೋರಿಸಿತು. ಇಷ್ಟು ರಕ್ತದಲ್ಲಿ ಕೋಟಿ ಕೋಟಿ ಕೆಂಪು ಕಣಗಳ ನಡುವೆ ಐದನ್ನು ಹುಡುಕುವುದೆಂದರೆ ಒಂದು ಲಾರಿ ಭತ್ತದಲ್ಲಿ ಐದು ಕಲ್ಲು ಆರಿಸಿದಂತೆ. ಮೆಚ್ಚಬೇಕಾದ ಕೆಲಸವೇ. ಆದರೆ ಕಣ ಕಡಿಮೆಯಾಗದವರಿಗೆ ಕೂಡಲೇ ಬೇರೆ ಕೀಮೋ ಕೊಟ್ಟರೆ ಹೆಚ್ಚು ದಿನ ಬದುಕುತ್ತಾರೆಯೇ ಎಂದು ಅಲ್ಲಿಯೇ ಪರೀಕ್ಷಿಸಿ ನೋಡಿದಾಗ, 2014ರಲ್ಲಿ ಬಂದ ಉತ್ತರ: ಇಲ್ಲ. ಹವಾಮಾನದವರು ಮಳೆ ಬರುತ್ತದೆ ಎಂದು ಸರಿಯಾಗಿಯೇ ಹೇಳಿದರು, ಆದರೆ ಹೊದಿಸಲು ನಮ್ಮ ಬಳಿ ತಾಡಪಾಲು ಇರಲಿಲ್ಲ ಎಂದಂತಾಯಿತು.

ಇನ್ನೂ ಸೂಕ್ಷ್ಮವಾದದ್ದು, ಕ್ಯಾನ್ಸರ್ ಕಣ ಸತ್ತು ಒಡೆದಾಗ ರಕ್ತಕ್ಕೆ ಬೀಳುವ ಡಿ.ಎನ್.ಎ. ಚೂರುಗಳನ್ನು ಹುಡುಕುವ ಪರೀಕ್ಷೆ. ಸ್ಕ್ಯಾನಿನಲ್ಲಿ ಕಾಣುವ ಎಷ್ಟೋ ತಿಂಗಳು ಮುಂಚೆಯೇ ಇದು ಕೆಲವರಲ್ಲಿ ಹರಡುವಿಕೆಯನ್ನು ಹೇಳಿಬಿಡುತ್ತದೆ. ನಿಜವಾಗಿ ಭರವಸೆಯಿರುವುದು ಇದರಲ್ಲೇ ಎಂದು ನಮಗೂ ಅನ್ನಿಸುತ್ತದೆ. ಆದರೂ ಮೂರು ಗ್ರಾಹಕಗಳೂ ಇಲ್ಲದ ಜಾತಿಯ ರೋಗಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆಸಿ 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ರಕ್ತದಲ್ಲಿ ಚೂರು ಸಿಕ್ಕಿದ ಕೂಡಲೇ ಸ್ಕ್ಯಾನ್ ಮಾಡಿದಾಗ ಹತ್ತರಲ್ಲಿ ಏಳು ಮಂದಿಗೆ ಆಗಲೇ ಹರಡಿಯಾಗಿತ್ತು. ಈಗಾಗಲೇ ಹರಡಿರುವವರಲ್ಲಿ ಮಾತ್ರ ಇದರ ಉಪಯೋಗ ಒಂದು ದಾರಿಗೆ ಬಂದಿದೆ. ಹಾರ್ಮೋನ್ ಔಷಧಿಗೆ ರೋಗ ಬಗ್ಗದಂತೆ ಮಾಡುವ ಒಂದು ಜೀನ್ ಬದಲಾವಣೆಯನ್ನು ರಕ್ತದಲ್ಲಿ ಕಂಡುಹಿಡಿದು ಅದಕ್ಕೆ ತಕ್ಕ ಮಾತ್ರೆ ಕೊಡುವ ಕ್ರಮಕ್ಕೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಸ್ಕ್ಯಾನಿನಲ್ಲಿ ಬೆಳೆಯುವ ಮೊದಲೇ, ರಕ್ತದ ಸೂಚನೆ ನೋಡಿ ಮಾತ್ರೆ ಬದಲಿಸಿದರೆ ರೋಗ ಹೆಚ್ಚು ಕಾಲ ಹತೋಟಿಯಲ್ಲಿರುತ್ತದೆ ಎಂದು 2025ರಲ್ಲಿ ಇನ್ನೊಂದು ಪ್ರಯೋಗ ತಿಳಿಸಿತು.

ಹಳೆಯ ಸಿ.ಎ. 15-3ಕ್ಕೂ ಇಲ್ಲೇ ಜಾಗ. ಹರಡಿದ ರೋಗಕ್ಕೆ ಔಷಧಿ ತೆಗೆದುಕೊಳ್ಳುತ್ತಿರುವವರಲ್ಲಿ ಔಷಧಿ ಹಿಡಿಯುತ್ತಿದೆಯೇ ಎಂದು ತಿಳಿಯಲು, ಸ್ಕ್ಯಾನು ಮತ್ತು ದೇಹಪರೀಕ್ಷೆಯೊಡನೆ ಅದನ್ನೂ ನೋಡುತ್ತಾರೆ. ಆಗಲೂ ಒಂದೇ ಲ್ಯಾಬಿನಲ್ಲಿ ಮಾಡಿಸಬೇಕು. ಈ ತಿಂಗಳು ತೇನಿಯಲ್ಲಿ, ಮುಂದಿನ ತಿಂಗಳು ಮಧುರೆಯಲ್ಲಿ ಮಾಡಿಸಿ ಎರಡು ಅಂಕಿಗಳನ್ನು ಹೋಲಿಸಿದರೆ ಬೇರೆ ಬೇರೆ ಸೇರಿನಲ್ಲಿ ಅಳೆದಂತೆ. ಹೊಸ ಔಷಧಿ ಶುರುವಾದ ಮೊದಲ ನಾಲ್ಕಾರು ವಾರಗಳಲ್ಲಿ, ಔಷಧಿ ಕೆಲಸ ಮಾಡುತ್ತಿರುವಾಗಲೇ ಅಂಕಿ ಒಮ್ಮೆ ಏರಿ ಆಮೇಲೆ ಇಳಿಯುವುದುಂಟು. ಆ ಏರಿಕೆ ನೋಡಿ ಔಷಧಿ ಬಿಟ್ಟು ನಾಟಿ ಮದ್ದಿಗೆ ಓಡಬಾರದು.

ಬೆನ್ನು ನೋವು ಬರಿಯ ಬೆನ್ನು ನೋವಲ್ಲದಾಗ

ಈ ಪಾಠದಲ್ಲಿ ನಮಗೆ ಹೆಚ್ಚು ಚಿಂತೆ ಇರುವುದು ಈ ಭಾಗದ ಬಗ್ಗೆ. ನಮ್ಮ ತಾಯಂದಿರು ದಿನವಿಡೀ ಬಗ್ಗಿ ನಾಟಿ ಮಾಡುತ್ತಾರೆ, ದ್ರಾಕ್ಷಿ ಚಪ್ಪರದ ಕೆಳಗೆ ಕತ್ತೆತ್ತಿ ಗೊಂಚಲು ಕತ್ತರಿಸುತ್ತಾರೆ, ಮೇಲಿನ ಏಲಕ್ಕಿ ತೋಟಗಳಿಗೆ ಜೀಪಿನಲ್ಲಿ ಕುಲುಕಿಕೊಂಡು ಹೋಗಿ ಬರುತ್ತಾರೆ. ಬೆನ್ನು ನೋವಿಲ್ಲದ ರೈತ ಹೆಂಗಸು ಎಲ್ಲಿದ್ದಾಳೆ? ಆದ್ದರಿಂದಲೇ ಮೂಳೆಗೆ ಇಳಿದ ಕ್ಯಾನ್ಸರಿನ ನೋವು ನಮ್ಮಲ್ಲಿ ತಿಂಗಳುಗಟ್ಟಲೆ ಕೆಲಸದ ನೋವಿನ ವೇಷದಲ್ಲಿ ಅಡಗಿರುತ್ತದೆ.

ವ್ಯತ್ಯಾಸ ಹೀಗೆ ತಿಳಿಯಿರಿ. ಕೆಲಸದ ನೋವು ಭಾನುವಾರ ವಿಶ್ರಾಂತಿ ಕೊಟ್ಟರೆ ತಗ್ಗುತ್ತದೆ, ಒಂದೆರಡು ವಾರದಲ್ಲಿ ಜಾಗ ಬದಲಾಯಿಸುತ್ತದೆ ಅಥವಾ ಹೋಗುತ್ತದೆ. ಮೂಳೆಯ ಕ್ಯಾನ್ಸರ್ ನೋವು ಒಂದೇ ಜಾಗದಲ್ಲಿ ಕಚ್ಚಿಕೊಂಡಿರುತ್ತದೆ, ಮಲಗಿದಾಗ ರಾತ್ರಿಯಲ್ಲಿ ಹೆಚ್ಚುತ್ತದೆ, ವಾರದಿಂದ ವಾರಕ್ಕೆ ಏರುತ್ತದೆ. ಒಮ್ಮೆ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರಲ್ಲಿ, ಅದು ಹತ್ತು ವರ್ಷದ ಹಿಂದಿನ ಮಾತಾದರೂ, ಇಂಥ ನೋವು ಎರಡು ಮೂರು ವಾರ ಮೀರಿದರೆ ವೈದ್ಯರಿಗೆ ತೋರಿಸಬೇಕು. ತೋರಿಸುವಾಗ 'ಬೆನ್ನು ನೋವು' ಎಂದಷ್ಟೇ ಹೇಳಬೇಡಿ. 'ನನಗೆ ಇಂಥ ವರ್ಷ ಸ್ತನದ ಕ್ಯಾನ್ಸರ್ ಆಪರೇಷನ್ ಆಗಿತ್ತು' ಎಂದು ಮೊದಲ ಮಾತಾಗಿ ಹೇಳಿ. ನಾಚಿಕೆಯಿಂದ ಅದನ್ನು ಹೇಳದೆ ನೋವಿನ ಮಾತ್ರೆ ತೆಗೆದುಕೊಂಡು ಬರುವ ಅಕ್ಕಂದಿರು ಬಹಳ. ಗಾಯದ ಗುರುತಿನ ಮೇಲಾಗಲಿ, ಕಂಕುಳಲ್ಲಾಗಲಿ, ಕತ್ತಿನ ಬುಡದಲ್ಲಾಗಲಿ ಹೊಸ ಗಂಟು, ಆಸ್ಪತ್ರೆಯಲ್ಲಿ ತಮಿಳಿನಲ್ಲಿ 'ಕಟ್ಟಿ' ಎನ್ನುವುದು ಅದನ್ನೇ, ವಾಸಿಯಾಗದ ಒಣ ಕೆಮ್ಮು, ಏದುಸಿರು, ಕಣ್ಣು ಹಳದಿಯಾಗುವುದು, ಕಾರಣವಿಲ್ಲದೆ ಮೈ ಇಳಿಯುವುದು, ಬೆಳಗಿನ ಜಾವ ವಾಂತಿಯೊಡನೆ ಬರುವ ತಲೆನೋವು, ಇವುಗಳಿಗೂ ಇದೇ ನಿಯಮ.

ಒಂದಕ್ಕೆ ಮಾತ್ರ ಎರಡು ವಾರವಲ್ಲ, ಎರಡು ದಿನವೂ ಕಾಯಬಾರದು. ಬೆನ್ನು ನೋವಿನೊಡನೆ ಕಾಲುಗಳು ಸೋಲತೊಡಗಿದರೆ, ತೊಡೆಯ ನಡುವೆ ಮರಗಟ್ಟಿದರೆ, ಮೂತ್ರ ಮಲ ತಡೆಯಲಾಗದಿದ್ದರೆ ಅಥವಾ ಮೂತ್ರ ಕಟ್ಟಿಕೊಂಡರೆ, ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರಬಹುದು. ಅಂದೇ, ರಾತ್ರಿಯಾದರೂ ಸರಿ, ಕಾನಾವಿಲಕ್ಕಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಾಗಲಿ ಮಧುರೆಗಾಗಲಿ ಕರೆದೊಯ್ಯಬೇಕು. ನಡೆಯುತ್ತಿರುವಾಗಲೇ ಚಿಕಿತ್ಸೆ ಸಿಕ್ಕವರು ಹೆಚ್ಚಾಗಿ ನಡೆಯುತ್ತಲೇ ಮನೆಗೆ ಬರುತ್ತಾರೆ. ಕಾಲು ಪೂರ್ತಿ ಸೋತ ಮೇಲೆ ಹೋದವರಲ್ಲಿ ಮತ್ತೆ ನಿಲ್ಲುವವರು ಕಡಿಮೆ. 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸಿಗೆ ಹಣ ಕೊಡಬೇಕಾಗಿಲ್ಲ.

ತೊಂದರೆ ಏನೂ ಇಲ್ಲದವರು ಮಾಡಿಸಬೇಕಾದದ್ದು ಸ್ವಲ್ಪವೇ. ಮೊದಲ ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಮುಂದಿನ ಎರಡು ವರ್ಷ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ವೈದ್ಯರ ಕೈಪರೀಕ್ಷೆ. ಉಳಿದಿರುವ ಸ್ತನಕ್ಕೆ ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ. ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮೆಯ ಕಾರ್ಡು ಇರುವ ಕುಟುಂಬಗಳು ಆಪರೇಷನ್, ಕೀಮೋ, ರೇಡಿಯೇಷನ್ ಚಿಕಿತ್ಸೆಗೆ ಅದನ್ನೇ ಮೊದಲು ಕೇಳಬೇಕು. ಒಡವೆ ಅಡವಿಡುವುದು ಆಮೇಲಿನ ಮಾತು. ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆ 1954ರಿಂದಲೂ, ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದಲೂ ಬಡವರನ್ನು ನೋಡುತ್ತಾ ಬಂದಿವೆ. ಕನ್ನಡದಲ್ಲೇ ವೈದ್ಯರೊಡನೆ ಮಾತಾಡಬೇಕೆನ್ನುವ ಹಿರಿಯರಿಗೆ ಕಿದ್ವಾಯಿ ಅನುಕೂಲ, ಆದರೆ ಅಷ್ಟು ದೂರದ ಪ್ರಯಾಣವನ್ನು ಯೋಚಿಸಿ ಹೊರಡಿ. ಔಷಧಿ ಅದೇ, ಕ್ರಮವೂ ಅದೇ.

ಇನ್ನು ಮಾತ್ರೆಯ ವಿಷಯ. ಹಾರ್ಮೋನ್ ಗ್ರಾಹಕ ಇರುವವರಿಗೆ ಕೊಡುವ ಟಮಾಕ್ಸಿಫೆನ್ ಹಳೆಯ, ಅಗ್ಗದ ಮಾತ್ರೆ. ಐದು ವರ್ಷ ಬಿಡದೆ ನುಂಗಿದರೆ ಆ ವರ್ಷಗಳಲ್ಲಿ ರೋಗ ಮರುಕಳಿಸುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಮುಂದಿನ ವರ್ಷಗಳಲ್ಲಿ ಈ ರೋಗದಿಂದಾಗುವ ಸಾವು ಸುಮಾರು ಮೂರನೇ ಒಂದು ಪಾಲು ತಗ್ಗುತ್ತದೆ. ಕೆಲವರಿಗೆ ಹತ್ತು ವರ್ಷ ಮುಂದುವರಿಸುವುದು ಮೇಲೆಂದು 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತಿಳಿಸಿತು. ಹರಡುವುದನ್ನು ಮುಂಚೆ ಹೇಳುವ ಯಾವ ರಕ್ತದ ಪರೀಕ್ಷೆಯೂ ಈ ಮಾತ್ರೆಯಷ್ಟು ಉಪಕಾರ ಮಾಡಿದ್ದಿಲ್ಲ. ಆದರೂ ಎರಡನೆಯ ವರ್ಷದಲ್ಲೇ 'ಮೈ ಬಿಸಿಯಾಗುತ್ತದೆ, ಇ‌ನ್ನೇನು ಗುಣವಾಯಿತಲ್ಲ' ಎಂದು ನಿಲ್ಲಿಸಿಬಿಡುವವರಿದ್ದಾರೆ. ಮೈ ಬಿಸಿಯಾಗುವುದು ನಿಜ, ಅದಕ್ಕೆ ಪರಿಹಾರವನ್ನು ವೈದ್ಯರನ್ನು ಕೇಳಿ. ಮುಟ್ಟು ನಿಂತ ಮೇಲೆ ರಕ್ತಸ್ರಾವ ಕಂಡರೆ, ಕಾಲು ಬಾತು ನೋವಾದರೆ ತಡಮಾಡದೆ ತೋರಿಸಿ. ತಾವಾಗಿಯೇ ನಿಲ್ಲಿಸಬೇಡಿ.

ಗೆಡ್ಡೆಯ ವರದಿ ಕಳೆದುಕೊಂಡಿರುವವರು ಆಪರೇಷನ್ ಆದ ಆಸ್ಪತ್ರೆಗೆ ಹೋಗಿ, ಹೆಸರು, ಒಳರೋಗಿ ಸಂಖ್ಯೆ ಮತ್ತು ವರ್ಷ ಹೇಳಿ ದಾಖಲೆ ವಿಭಾಗದಲ್ಲಿ ನಕಲು ಕೇಳಬಹುದು. ಸಿಕ್ಕ ಮೇಲೆ ಎರಡು ಜೆರಾಕ್ಸ್ ಮಾಡಿಸಿ ಒಂದನ್ನು ಮನೆಯಲ್ಲೂ ಇನ್ನೊಂದನ್ನು ಮಗಳ ಮನೆಯಲ್ಲೂ ಇಡಿ. ಓದಲು ಬಾರದಿದ್ದರೆ ಪೂಜೆ ಮುಗಿದ ಮೇಲೆ ಗುರುನಿವಾಸಕ್ಕೆ ತನ್ನಿ. ಅದರಲ್ಲಿರುವುದನ್ನು ಕನ್ನಡದಲ್ಲಿ ಬರೆದು ಕೊಡುತ್ತೇವೆ, ಅರ್ಥವನ್ನು ಮಾತ್ರ ವೈದ್ಯರಿಂದಲೇ ಕೇಳಬೇಕು.